ಮಗುವಿನ ಹೊಟ್ಟೆ ಮತ್ತೆ ಮತ್ತೆ ಕೆಡುವಾಗ

ಕೇಳುಗರಿಗೆ ನಮಸ್ಕಾರ.

ಕಳೆದ ವರ್ಷ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ ಸಿಂಧನೂರು ಕಡೆಯ ಹಳ್ಳಿಯ ತಾಯಿಯೊಬ್ಬರು ಮೂರು ವರ್ಷದ ಮಗನನ್ನು ಎತ್ತಿಕೊಂಡು ರಾಯಚೂರಿನಲ್ಲಿರುವ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಅವರ ಕೈಯಲ್ಲಿ ಬಟ್ಟೆ ಅಂಗಡಿಯ ಚೀಲವೊಂದಿತ್ತು, ಅದರ ತುಂಬ ರಕ್ತ ಪರೀಕ್ಷೆಯ ಚೀಟಿಗಳಿದ್ದವು. ಮೇಜಿನ ಮೇಲೆ ಒಂದೊಂದಾಗಿ ಬಿಡಿಸಿ ಹರಡಿದೆ. ಏಳು ತಿಂಗಳಲ್ಲಿ ನಾಲ್ಕು ವಿಡಾಲ್ ಪರೀಕ್ಷೆಗಳಾಗಿದ್ದವು, ನಾಲ್ಕರಲ್ಲೂ ಟೈಫಾಯ್ಡ್ ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆಯಲಾಗಿತ್ತು. "ನಾಕು ಸಲ ಟೈಫಾಡ್ ಆತ್ರೀ ಸರ, ಪಾಯಿಂಟ್ ಇಳಿಯಾಕ ಒಲ್ಲದು" ಎಂದು ಆ ತಾಯಿ ಹೇಳಿದರು. ಪಾಯಿಂಟ್ ಎಂದರೆ ಆ ಚೀಟಿಯಲ್ಲಿ ಬರೆದಿರುವ ಅಂಕಿ. ಹುಡುಗನ ತೂಕ ಒಂಬತ್ತೂವರೆ ಕಿಲೋ ಇತ್ತು. ಆ ವಯಸ್ಸಿಗೆ ಹದಿನಾಲ್ಕರ ಆಸುಪಾಸಿನಲ್ಲಿರಬೇಕಾದ ತೂಕ ಅದು.

ಮಗುವಿಗೆ ಎಷ್ಟು ದಿನಗಳಿಂದ ಭೇದಿಯಾಗುತ್ತಿದೆ ಎಂಬುದೇ ನಾನು ಕೇಳುವ ಮೊದಲ ಪ್ರಶ್ನೆ. ನೀರಿನಂತೆ ಶುರುವಾಗುವ ಭೇದಿ ಬಹುಪಾಲು ಮಕ್ಕಳಲ್ಲಿ ವೈರಸ್ಸಿನಿಂದ ಬಂದು, ಒಂದು ವಾರದ ಆಚೀಚೆ ತಾನಾಗಿ ನಿಲ್ಲುತ್ತದೆ. ಅದಕ್ಕೆ ಓಆರ್‌ಎಸ್ ಮತ್ತು ಜಿಂಕ್ ಸಾಕು, ಆ್ಯಂಟಿಬಯಾಟಿಕ್ ಬೇಕಿಲ್ಲ. 14 ದಿನಗಳಾದರೂ ನಿಲ್ಲದ ಭೇದಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಬೇರೆಯಾಗಿಯೇ ಎಣಿಸುತ್ತದೆ. ಹಲ್ಲು ಬರುತ್ತಿವೆ, ನೆದರಾಗಿದೆ, ಊರಿನ ನೀರು ಒಗ್ಗಲಿಲ್ಲ ಎಂದು ಮನೆಯವರು ದಿನ ತಳ್ಳುವುದು ಈ ಹಂತದಲ್ಲಿಯೇ. ಗುಳೆ ಹೋಗಿ ಬರುವ ಕುಟುಂಬಗಳ ಮಕ್ಕಳಲ್ಲಂತೂ ಒಂದು ಊರಿನಲ್ಲಿ ಶುರುವಾದ ಔಷಧಿ ಇನ್ನೊಂದು ಊರಿನಲ್ಲಿ ಬದಲಾಗಿ, ಯಾವ ವೈದ್ಯರ ಬಳಿಯೂ ಪೂರ್ತಿ ಕಥೆ ಉಳಿದಿರುವುದಿಲ್ಲ.

ವಿಡಾಲ್ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಗಳಲ್ಲಿ ಮಕ್ಕಳ ಜ್ವರಕ್ಕೂ ಹೊಟ್ಟೆನೋವಿಗೂ ಇದೊಂದೇ ಉತ್ತರವಾಗಿಬಿಟ್ಟಿದೆ. ಫ್ರಾನ್ಸಿನ ವೈದ್ಯ ಫೆರ್ನಾಂಡ್ ವಿಡಾಲ್ ಇದನ್ನು ಪ್ರಕಟಿಸಿದ್ದು 1896ರಲ್ಲಿ. ಈ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ; ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಅಳೆಯುತ್ತದೆ. ಟೈಫಾಯ್ಡ್ ಸದಾ ಸುಳಿದಾಡುವ ಪ್ರದೇಶದಲ್ಲಿ ಆರೋಗ್ಯವಂತರ ರಕ್ತದಲ್ಲಿಯೂ ಅವು ಇರುತ್ತವೆ. ಹಿಂದೊಮ್ಮೆ ಬಂದು ವಾಸಿಯಾದ ಟೈಫಾಯ್ಡಿನಿಂದಲೂ, ಬೇರೆ ಸೋಂಕುಗಳಿಂದಲೂ ಅವು ಏರುತ್ತವೆ ಮತ್ತು ಜ್ವರ ಬಿಟ್ಟ ಮೇಲೆ ತಿಂಗಳುಗಟ್ಟಲೆ ಉಳಿಯುತ್ತವೆ. ಆದ್ದರಿಂದ ಪಾಯಿಂಟ್ ಇಳಿಸುವ ಔಷಧಿ ಎಂಬುದೇ ಇಲ್ಲ. ಒಂದೇ ವಿಡಾಲ್ ಚೀಟಿ ನೋಡಿ ಮಗುವಿಗೆ ಟೈಫಾಯ್ಡ್ ಎಂದು ತೀರ್ಮಾನಿಸುವುದು, ಎರಡು ವಾರ ಸೂಜಿ ಹಾಕುವುದು, ಮತ್ತೆ ಅದೇ ಪರೀಕ್ಷೆ ಮಾಡಿಸುವುದು, ಈ ಸುತ್ತಿನಲ್ಲಿ ಸಿಕ್ಕ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಟೈಫಾಯ್ಡ್ ಇದೆಯೇ ಎಂದು ತಿಳಿಯಲು ಬ್ಲಡ್ ಕಲ್ಚರ್ ಮಾಡಿಸಬೇಕು. ಮಗುವಿನ ರಕ್ತವನ್ನು ವಿಶೇಷ ಬಾಟಲಿಯಲ್ಲಿಟ್ಟು, ಅದರಲ್ಲಿ ರೋಗಾಣು ಬೆಳೆಯುವುದೇ ಎಂದು ಕೆಲವು ದಿನ ಕಾದು ನೋಡುವ ಪರೀಕ್ಷೆ ಇದು. ಕಲ್ಚರ್ ಕೂಡ ಎಲ್ಲರಲ್ಲಿಯೂ ಹಿಡಿಯುವುದಿಲ್ಲ, ಹತ್ತು ಟೈಫಾಯ್ಡ್ ರೋಗಿಗಳಲ್ಲಿ ಸುಮಾರು ಆರು ಮಂದಿಯಲ್ಲಿ ಹಿಡಿಯುತ್ತದೆ. ಆದರೆ ಹಿಡಿದಾಗ ಯಾವ ಔಷಧಿ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂಬುದನ್ನೂ ಅದೇ ತಿಳಿಸುತ್ತದೆ. ರಕ್ತ ತೆಗೆಯಬೇಕಾದದ್ದು ಆ್ಯಂಟಿಬಯಾಟಿಕ್‌ನ ಮೊದಲ ಗುಟುಕಿಗೂ ಮುಂಚೆ. ಔಷಧಿ ಅಂಗಡಿಯಿಂದ ತಂದ ಎರಡು ಗುಳಿಗೆ ಹಾಕಿ ನೋಡಿ ಆಮೇಲೆ ಬಂದರೆ, ಆ ಅವಕಾಶ ಬಹುಮಟ್ಟಿಗೆ ಕೈತಪ್ಪಿರುತ್ತದೆ.

ರಕ್ತಕ್ಕೆ ಸಿಗುವ ಗೌರವ ಮಲಕ್ಕೆ ಸಿಗುವುದಿಲ್ಲ. ಕರುಳಿನ ಸೋಂಕಿನಲ್ಲಿ ನೇರ ಸಾಕ್ಷಿ ಇರುವುದು ಅಲ್ಲಿಯೇ. ಹಿಂದಿನ ರಾತ್ರಿಯ ಡೈಪರನ್ನು ಸುತ್ತಿ ತರುವವರಿದ್ದಾರೆ, ಬೆಂಕಿಪೊಟ್ಟಣದಲ್ಲಿ ತರುವವರೂ ಇದ್ದಾರೆ. ನಾಚಿಕೆಪಟ್ಟು ಬರಿಗೈಯಲ್ಲಿ ಬರುವವರೇ ಹೆಚ್ಚು. ಅಗಲ ಬಾಯಿಯ, ಮುಚ್ಚಳವಿರುವ ಸ್ವಚ್ಛವಾದ ಡಬ್ಬಿಯನ್ನು ಪ್ರಯೋಗಾಲಯದವರೇ ಕೊಡುತ್ತಾರೆ. ಮೂತ್ರ ಬೆರೆಯದಂತೆ ನೋಡಿಕೊಂಡು, ಲೋಳೆ ಅಥವಾ ರಕ್ತ ಕಂಡ ಭಾಗವನ್ನೇ ಚಮಚದಿಂದ ಆರಿಸಿ ಅದರಲ್ಲಿ ಹಾಕಬೇಕು. ರಕ್ತ ಆಮಶಂಕೆಗೆ ಕಾರಣವಾಗುವ ಶಿಗೆಲ್ಲಾ ಬ್ಯಾಕ್ಟೀರಿಯಾ ಮಲ ಹೊರಬಿದ್ದ ಮೇಲೆ ಬೇಗ ಸಾಯುತ್ತದೆ, ಹಾಗಾಗಿ ಮಾದರಿ ಎರಡು ತಾಸಿನೊಳಗೆ ಪ್ರಯೋಗಾಲಯ ಸೇರಬೇಕು. ಲಿಂಗಸುಗೂರಿನಿಂದ ಬಸ್ಸು ರಾಯಚೂರು ತಲುಪಲು ಎರಡು ತಾಸು ದಾಟುತ್ತದೆ. ಅಂಥವರಿಗೆ ರೋಗಾಣು ಸಾಯದಂತೆ ಕಾಪಾಡುವ ಕ್ಯಾರಿ-ಬ್ಲೇರ್ ಎಂಬ ಮಾಧ್ಯಮವಿರುವ ಕೊಳವೆಯಲ್ಲಿ ಮಾದರಿ ಕಳುಹಿಸುವ ವ್ಯವಸ್ಥೆ ಬೇಕು, ಇಲ್ಲವೇ ಮಗುವನ್ನು ಆಸ್ಪತ್ರೆಗೆ ಕರೆತಂದು ಅಲ್ಲಿಯೇ ಮಾದರಿ ಪಡೆಯಬೇಕು. ಜಿಯಾರ್ಡಿಯಾ, ಅಮೀಬಾ ಎಂಬ ಪರಾವಲಂಬಿ ಜೀವಿಗಳು ಬ್ಯಾಕ್ಟೀರಿಯಾಗಳಲ್ಲದಿದ್ದರೂ ಇದೇ ಲಕ್ಷಣ ತೋರುವುದರಿಂದ, ಬೇರೆ ಬೇರೆ ದಿನಗಳ ಮೂರು ಮಾದರಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ಒಳ್ಳೆಯದು.

ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ ಎಂದರೆ ಏನೂ ಇಲ್ಲವೆಂದು ಅರ್ಥವಲ್ಲ. ಕರುಳಿನ ಗೋಡೆಗೆ ಗುಂಪುಗುಂಪಾಗಿ ಅಂಟಿಕೊಳ್ಳುವ ಒಂದು ಬಗೆಯ ಈ.ಕೋಲಿ ಬ್ಯಾಕ್ಟೀರಿಯಾ ದೀರ್ಘಕಾಲದ ಭೇದಿಗೆ ಕಾರಣವಾಗುತ್ತದೆ. ಸಾಮಾನ್ಯ ಪ್ರಯೋಗಾಲಯ ಅದನ್ನು ನಿರಪಾಯಕಾರಿ ಈ.ಕೋಲಿಯಿಂದ ಬೇರ್ಪಡಿಸಲಾರದು. ಹೊಟ್ಟೆನೋವಿಗೆಲ್ಲ, ಜಠರದ ಹುಣ್ಣಿಗೆ ಕಾರಣವಾಗುವ ಎಚ್.ಪೈಲೋರಿಯ ರಕ್ತಪರೀಕ್ಷೆ ಮಾಡಿಸುವ ರೂಢಿಯೂ ಈಚೆಗೆ ಕಾಣುತ್ತಿದೆ. ಈ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಮಾರ್ಷಲ್ ಮತ್ತು ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂದದ್ದು ನಿಜ, ಆದರೆ ಮಕ್ಕಳಲ್ಲಿ ಇದರ ರಕ್ತಪರೀಕ್ಷೆಯನ್ನು ನಂಬುವಂತಿಲ್ಲ. ಹುಣ್ಣಿನ ಅನುಮಾನವಿದ್ದಾಗ, ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯೇ ದಾರಿ.

ಪರೀಕ್ಷೆಯ ಫಲಿತಾಂಶ ಬರುವವರೆಗೆ ಮಗುವನ್ನು ಉಪವಾಸ ಕೆಡವಬೇಡಿರಿ. ಎದೆಹಾಲು ನಿಲ್ಲಿಸಬೇಡಿರಿ. ಅನ್ನ, ಬೇಳೆ, ಮೊಸರು, ಬಾಳೆಹಣ್ಣು, ಒಂದು ಚಮಚ ಎಣ್ಣೆ, ಇವೆಲ್ಲ ಸಲ್ಲುತ್ತವೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್, ಹತ್ತರಿಂದ ಹದಿನಾಲ್ಕು ದಿನ, ನಡುವೆ ಬಿಡದೆ ಕೊಡಬೇಕು. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮಗು ಕುಡಿಯಲೊಲ್ಲದೆ ಮಂಕಾದರೆ ಅದೇ ದಿನ ಆಸ್ಪತ್ರೆಗೆ ಬರಬೇಕು.

ಆ ಹುಡುಗನ ಬ್ಲಡ್ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಮಲದಲ್ಲಿಯೂ ರೋಗಾಣು ಸಿಗಲಿಲ್ಲ. ಸಂಜೆಯಾದರೆ ಸಣ್ಣ ಜ್ವರ, ಒಂದು ವಾರ ಭೇದಿಯಾದರೆ ಇನ್ನೊಂದು ವಾರ ಮಲಬದ್ಧತೆ, ಹೊಟ್ಟೆಯ ಬಲಕೆಳಭಾಗದಲ್ಲಿ ಕೈಗೆ ಸಿಗುವ ಗಂಟು, ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದ ಮೇಲೆ ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: ಮನೆಯಲ್ಲಿ ಯಾರಿಗಾದರೂ ಬಹಳ ದಿನಗಳಿಂದ ಕೆಮ್ಮಿದೆಯೇ? ಅಜ್ಜನಿಗೆ ಹಬ್ಬದ ಮುಂಚಿನಿಂದಲೂ ಇದೆ, ಮೊಮ್ಮಗ ಅವನ ಮಗ್ಗುಲಲ್ಲಿಯೇ ಮಲಗುತ್ತಾನೆ ಎಂದರು ತಾಯಿ. ಕರುಳಿನಿಂದ ತೆಗೆದ ಚೂರಿನಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸಿಕ್ಕಿತು. ಕ್ಷಯಕ್ಕೆ ಸರ್ಕಾರದಿಂದ ಸಿಗುವ ಉಚಿತ ಔಷಧಿಯನ್ನು ಹುಡುಗ ಆರು ತಿಂಗಳು ತೆಗೆದುಕೊಂಡ. ಕೊನೆಯ ತಿಂಗಳು ಬಂದಾಗ ತೂಕ ಹನ್ನೆರಡೂವರೆ ಕಿಲೋ ಇತ್ತು. ಅಜ್ಜನ ಕಫವನ್ನು ಮೊದಲ ವಾರದಲ್ಲಿಯೇ ಪರೀಕ್ಷೆಗೆ ಕಳುಹಿಸಿದ್ದೆವು, ಅವರಿಗೂ ಅಂದಿನಿಂದಲೇ ಔಷಧಿ ಶುರುವಾಗಿತ್ತು.

ನಮಸ್ಕಾರ.