ಮಣಿಯೊಳಗೆ ಯೀಸ್ಟ್, ಕಾಕಂಬಿಯಿಂದ ಎಥೆನಾಲ್

ಕೇಳುಗರಿಗೆ ನಮಸ್ಕಾರ.

ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಎಥೆನಾಲ್, ಅಂದರೆ ಮದ್ಯಸಾರ, ತೆಗೆಯುವುದು ಮಂಡ್ಯಕ್ಕಾಗಲಿ ಬೆಳಗಾವಿಗಾಗಲಿ ಹೊಸದಲ್ಲ. ತೆಳು ಮಾಡಿದ ಕಾಕಂಬಿಗೆ ಯೀಸ್ಟ್ ಬಿಡುತ್ತಾರೆ, ಒಂದು ಒಂದೂವರೆ ದಿನ ಹುದುಗುತ್ತದೆ, ಆಮೇಲೆ ಬಟ್ಟಿ ಇಳಿಸುತ್ತಾರೆ. ಪ್ರತಿ ತೊಟ್ಟಿಗೂ ಯೀಸ್ಟನ್ನು ಹೊಸದಾಗಿ ಬೆಳೆಸಬೇಕು, ಇಲ್ಲವೇ ಬೇರ್ಪಡಿಸಿ ಹಿಂದಕ್ಕೆ ತರಬೇಕು. ಅದರ ಬದಲು ಯೀಸ್ಟನ್ನು ಸಣ್ಣ ಮಣಿಗಳೊಳಗೆ ಹಿಡಿದಿಟ್ಟು, ಆ ಮಣಿಗಳಿರುವ ಕೊಳವೆಯಲ್ಲಿ ತೆಳು ಕಾಕಂಬಿ ರಸವನ್ನಷ್ಟೇ ಹರಿಸುವ ವಿಧಾನವೊಂದಿದೆ. ಜಪಾನಿನ ಕ್ಯೋವಾ ಹಕ್ಕೋ ಕಂಪನಿ 1980ರ ದಶಕದ ಆರಂಭದಲ್ಲೇ, ಒಟ್ಟು 4,000 ಲೀಟರ್ ಹಿಡಿಯುವ ಕೊಳವೆಗಳಲ್ಲಿ ದಿನಕ್ಕೆ ಸುಮಾರು 2,400 ಲೀಟರ್ ಮದ್ಯಸಾರ ಬರುವಂತೆ ಇದನ್ನು ನಡೆಸಿ ತೋರಿಸಿತ್ತು. ಅಲ್ಲೂ ಕಚ್ಚಾ ಮಾಲು ಕಬ್ಬಿನ ಕಾಕಂಬಿಯೇ.

ಮಣಿ ಮಾಡುವುದನ್ನು ಪ್ರಯೋಗಾಲಯದ ಅಳತೆಯಲ್ಲಿ ಹೇಳುತ್ತೇನೆ. ಕಡಲಪಾಚಿಯಿಂದ ಬರುವ ಸೋಡಿಯಂ ಆಲ್ಜಿನೇಟ್ ಪುಡಿ 30 ಗ್ರಾಂ, ನೀರು 800 ಮಿಲಿಲೀಟರ್. ನೀರನ್ನು ಕಲಕುತ್ತಲೇ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಆ ಗಂಟು ಮತ್ತೆ ಬಿಡುವುದಿಲ್ಲ. ಕರಗಿದ ಮೇಲೆ ರಾತ್ರಿಯಿಡೀ ಹಾಗೇ ಬಿಡಿ. ಒಳಗೆ ಗಾಳಿಗುಳ್ಳೆ ಉಳಿದರೆ ನಾಳೆ ಮಣಿಗಳು ತೇಲುತ್ತವೆ. ಒಣ ಯೀಸ್ಟ್ 50 ಗ್ರಾಂ ತೆಗೆದುಕೊಂಡು 200 ಮಿಲಿಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಇದಕ್ಕೆ ಬೆರೆಸಿ. ಈಗ ಶೇಕಡಾ 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದೊಳಕ್ಕೆ, ಹತ್ತು ಹದಿನೈದು ಸೆಂಟಿಮೀಟರ್ ಎತ್ತರದಿಂದ, ದಪ್ಪ ಸೂಜಿಯಲ್ಲಿ ಹನಿ ಹನಿಯಾಗಿ ಬಿಡಬೇಕು. ಹನಿ ನೀರು ಮುಟ್ಟಿದ ಕ್ಷಣವೇ ಮೇಲ್ಮೈ ಗಟ್ಟಿಯಾಗಿ, ನೆನೆದ ಸಬ್ಬಕ್ಕಿಯಂಥ ಮಣಿಯಾಗುತ್ತದೆ. ತೀರಾ ಹತ್ತಿರದಿಂದ ಬಿಟ್ಟರೆ ಬಾಲ ಬರುತ್ತದೆ, ತೀರಾ ಎತ್ತರದಿಂದ ಬಿಟ್ಟರೆ ಚಪ್ಪಟೆಯಾಗುತ್ತದೆ. ಮೂರು ಮಿಲಿಮೀಟರ್ ಗಾತ್ರ ಸಾಕು. ಅದಕ್ಕಿಂತ ದಪ್ಪವಾದರೆ ಸಕ್ಕರೆ ನಡುವಿನವರೆಗೆ ಇಳಿಯದೆ ಒಳಗಿನ ಯೀಸ್ಟ್ ಉಪವಾಸ ಬೀಳುತ್ತದೆ. ಒಂದು ಗಂಟೆ ಅದೇ ದ್ರಾವಣದಲ್ಲಿ ಬಿಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯಿರಿ.

ಇನ್ನು ಕಾಕಂಬಿ. ಸಕ್ಕರೆ ಅಂಶ ಶೇಕಡಾ 45 ಇದ್ದರೆ ಒಂದು ಕಿಲೋಗೆ ಎರಡು ಕಿಲೋ ನೀರು ಸೇರಿಸಿ, 15ಕ್ಕೆ ಬರುತ್ತದೆ. ಗಂಧಕಾಮ್ಲದಿಂದ ಪಿಎಚ್ 4.5ಕ್ಕೆ ತಂದು, 80–90 ಡಿಗ್ರಿಗೆ ಕಾಯಿಸಿ, ತಳಕ್ಕೆ ಕೂರುವ ಕಪ್ಪು ಕೆಸರನ್ನು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಸಿಯಬೇಕು. ಅವಸರಕ್ಕೆ ಈ ಕೆಲಸ ಬಿಟ್ಟವರ ಮಣಿಗಳ ಮೇಲೆ ಆ ಕೆಸರೇ ಲೇಪನವಾಗಿ ಕೂರುತ್ತದೆ.

ಹುದುಗು ತೊಟ್ಟಿಗೆ ಸಾರಜನಕಕ್ಕೂ ರಂಜಕಕ್ಕೂ ಡಿಎಪಿ, ಅಂದರೆ ಡೈಅಮೋನಿಯಂ ಫಾಸ್ಫೇಟ್, ಹಾಕುವ ರೂಢಿ ಉಂಟು. ಇಲ್ಲಿ ಅದು ಬೇಡ. ಮಣಿಯನ್ನು ಹಿಡಿದಿರುವುದು ಕ್ಯಾಲ್ಸಿಯಂ, ಫಾಸ್ಫೇಟ್ ಅದನ್ನೇ ಎಳೆದುಕೊಳ್ಳುತ್ತದೆ. ಮೊದಲು ಮಣಿ ಮೆತ್ತಗಾಗಿ ಉಬ್ಬುತ್ತದೆ, ಕೊನೆಗೆ ಕೊಳವೆಯಲ್ಲಿ ಗಂಜಿಯಷ್ಟೇ ಉಳಿಯುತ್ತದೆ. ಸಿಟ್ರೇಟ್ ಕೂಡ ಹಾಗೇ. ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಯೂರಿಯಾ ಸಾಕು, ಜೊತೆಗೆ ಅರ್ಧ ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್. ನನ್ನ ಲೆಕ್ಕದಲ್ಲಿ ಈ ವಿಧಾನದಲ್ಲಿ ಯೀಸ್ಟ್ ಕೈಕೊಡುವುದಕ್ಕಿಂತ ಮಣಿ ಕೈಕೊಡುವುದೇ ಹೆಚ್ಚು.

ಕೊಳವೆಯನ್ನು ಮಣಿಗಳಿಂದ ಪೂರ್ತಿ ತುಂಬಬಾರದು, ಅರ್ಧಕ್ಕಿಂತ ಸ್ವಲ್ಪ ಮೇಲಿದ್ದರೆ ಸಾಕು. ಕಾರಣ ಅನಿಲ. ಒಂದು ಲೀಟರಿನಲ್ಲಿ ಹುದುಗುವ ಸಕ್ಕರೆ 150 ಗ್ರಾಂ ಇದ್ದು, ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹುದುಗಿದರೆ ಸುಮಾರು 87 ಮಿಲಿಲೀಟರ್ ಎಥೆನಾಲ್ ಬರುತ್ತದೆ, ಜೊತೆಗೆ 37 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್! ಅದಕ್ಕೆ ಮೇಲೆ ದಾರಿ ಬಿಡದಿದ್ದರೆ ಮಣಿಗಳ ರಾಶಿಯನ್ನೇ ಎತ್ತಿ ಜಾಲರಿಗೆ ಒತ್ತುತ್ತದೆ, ಹರಿವು ಒಂದೇ ಪಕ್ಕದಲ್ಲಿ ಸಂದು ಮಾಡಿಕೊಂಡು ಹೋಗಿಬಿಡುತ್ತದೆ. ಒಂದೇ ಎತ್ತರದ ಕೊಳವೆಗಿಂತ ಎರಡು ಮೂರು ಗಿಡ್ಡ ಕೊಳವೆಗಳು ಒಳ್ಳೆಯವು. ರಸ ಕೆಳಗಿನಿಂದ ಬರಲಿ, ಉಷ್ಣತೆ 30–32 ಡಿಗ್ರಿ ಇರಲಿ.

ಮೊದಲ ದಿನ ಶೇಕಡಾ 5ರ ರಸ ಬಿಟ್ಟು, ಸ್ವಲ್ಪ ಗಾಳಿ ಕೊಟ್ಟು, ಮಣಿಯೊಳಗೆ ಯೀಸ್ಟ್ ಬೆಳೆಯಲು ಬಿಡಿ. ಆಮೇಲೂ ಒಂದಿಷ್ಟು ಆಮ್ಲಜನಕ ಬೇಕು. ಯೀಸ್ಟಿನ ಹೊರಪೊರೆಗೆ ಬೇಕಾದ ಸ್ಟೆರಾಲ್ ಅದಿಲ್ಲದೆ ತಯಾರಾಗದು, ಮದ್ಯಸಾರ ತಾಳುವ ಶಕ್ತಿ ದಿನೇದಿನೇ ಕುಗ್ಗುತ್ತದೆ. ಹೊರಬರುವ ರಸದ ಬ್ರಿಕ್ಸ್, ಅಂದರೆ ಅದರಲ್ಲಿ ಕರಗಿದ ಪದಾರ್ಥದ ಅಳತೆ, ನೋಡುತ್ತಾ ಹರಿವು ಹೊಂದಿಸಿ, ಆದರೆ ಸೊನ್ನೆ ಬರಲೆಂದು ಕಾಯಬೇಡಿ. ಕಾಕಂಬಿಯಲ್ಲಿ ಹುದುಗದ ಪದಾರ್ಥವೂ ಬೇಕಾದಷ್ಟಿದೆ. ಹುಳಿ ವಾಸನೆ ಬಂದು ಪಿಎಚ್ ಇಳಿಯುತ್ತಾ ಹೋದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ.

ಬಟ್ಟಿ ಇಳಿಸಲು ಅಬಕಾರಿ ಇಲಾಖೆಯ ಪರವಾನಗಿ ಬೇಕೇ ಬೇಕು. ಸಾಮಾನ್ಯ ಬಟ್ಟಿಯಲ್ಲಿ ಶೇಕಡಾ 95ರ ಆಸುಪಾಸಿಗೇ ನಿಲ್ಲುತ್ತದೆ. ಪೆಟ್ರೋಲಿಗೆ ಬೆರೆಸಲು 99.5 ಆಗಬೇಕು, ಉಳಿದ ನೀರನ್ನು ಜಿಯೊಲೈಟ್ ಕಾಳುಗಳು ಹೀರುತ್ತವೆ.

ಮೆಕ್ಕೆಜೋಳಕ್ಕೂ ಇದು ಒಗ್ಗುತ್ತದೆಯೇ? ಹಿಟ್ಟು, ಹೊಟ್ಟು ತುಂಬಿದ ಗಂಜಿಯನ್ನು ಮಣಿಗಳ ನಡುವೆ ಹರಿಸಲಾಗದು. ಸೋಸಿದ ತಿಳಿಯಾದರೆ ಸರಿ, ಆದರೆ ಸೋಸುವ ಖರ್ಚಿನಲ್ಲೇ ಲಾಭ ಕರಗುತ್ತದೆ. ಧಾನ್ಯದ ಡಿಸ್ಟಿಲರಿಗೆ ತೊಟ್ಟಿಯೇ ವಾಸಿ.

ಮಣಿ ಬದಲಿಸುವ ಹೊತ್ತು ಬಂತೇ ಎಂದು ತಿಳಿಯಲು ಹತ್ತು ಮಣಿ ತೆಗೆದು ಶೇಕಡಾ 2ರ ಸೋಡಿಯಂ ಸಿಟ್ರೇಟಿನಲ್ಲಿ ಕರಗಿಸಿ, ಮೆಥಿಲೀನ್ ಬ್ಲೂ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ನೀಲಿಯಾದವು ಸತ್ತ ಕೋಶಗಳು. ಅರ್ಧದಷ್ಟು ನೀಲಿಯಾಗಿದ್ದರೆ ಹೊಸ ಮಣಿ ಮಾಡಿಕೊಳ್ಳಿ. ನಮಸ್ಕಾರ.