ಇಂಜಿನ್‌ಗೆ ಆಸರೆ ಮೇಲಿನಿಂದ ಕೊಡಿ

ಎಲ್ಲರಿಗೂ ನಮಸ್ಕಾರ. ಕಾರಿನ ಕ್ಲಚ್ ಮನೆಯಲ್ಲೇ ಬದಲಿಸೋಣ, ಹಾಗೇ ಆಯಿಲ್ ಚೇಂಬರ್, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿಯ ಪ್ಯಾಕಿಂಗನ್ನೂ ಹಾಕಿಬಿಡೋಣ ಅಂತ ಸ್ಪ್ಯಾನರ್ ಹಿಡಿದು ಕೂತಿದ್ದೀರಲ್ಲ, ಇವತ್ತಿನ ಮಾತು ನಿಮಗೇ. ಕ್ಲಚ್ ಪ್ಲೇಟ್ ಹೇಗೆ ಕೂರಿಸೋದು ಅಂತ ಎಲ್ಲರೂ ಕೇಳುತ್ತಾರೆ. ಕ್ಲಚ್ ಇರೋದು ಇಂಜಿನ್ ಮತ್ತು ಗೇರ್‌ಬಾಕ್ಸ್ ಮಧ್ಯೆ, ಹಾಗಾಗಿ ಗೇರ್‌ಬಾಕ್ಸ್ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಇಂಜಿನ್ ಯಾವುದರ ಮೇಲೆ ನಿಂತಿರುತ್ತೆ ಅಂತ ಕೇಳುವವರು ತುಂಬಾ ಕಡಿಮೆ. ನಾನು ಹೇಳೋದು ಅದೊಂದೇ. ಆಸರೆ ಮೇಲಿನಿಂದ ಕೊಡಿ, ಕೆಳಗಿನಿಂದ ಬೇಡ.

ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಇಂಜಿನ್ ಸಾಮಾನ್ಯವಾಗಿ ಅಡ್ಡಡ್ಡ ಕೂತಿರುತ್ತೆ. ಇಂಜಿನ್, ಗೇರ್‌ಬಾಕ್ಸ್ ಎರಡೂ ಸೇರಿ ಒಂದೇ ಮುದ್ದೆ. ಅದನ್ನ ಬಾಡಿಗೆ ಹಿಡಿದು ಭಾರ ಹೊರುವ ರಬ್ಬರ್ ಮೌಂಟಿಂಗ್ ಒಂದು ಇಂಜಿನ್ ಕಡೆ, ಇನ್ನೊಂದು ಗೇರ್‌ಬಾಕ್ಸ್ ಕಡೆ. ಕೆಳಗಿರುವ ರಾಡ್ ಅಲುಗಾಟ ತಡೆಯೋಕೆ, ಭಾರ ಹೊರೋಕಲ್ಲ. ಗೇರ್‌ಬಾಕ್ಸ್ ಇಳಿಸಬೇಕು ಅಂದರೆ ಅದರ ಮೌಂಟಿಂಗ್ ಬಿಚ್ಚಲೇಬೇಕು. ಬಿಚ್ಚಿದಿರಾ? ಇಬ್ಬರು ಬೀರು ಎತ್ತಿಕೊಂಡು ಹೋಗುವಾಗ ಒಬ್ಬ ಕೈ ಬಿಟ್ಟ ಹಾಗೆ ಆಯಿತು.

ನನಗೆ ಗೊತ್ತಿರುವ ಒಬ್ಬ ಹುಡುಗ ಇದ್ದಾನೆ. ತುಂಬಾ ಅಚ್ಚುಕಟ್ಟು, ಬಿಚ್ಚಿದ ಬೋಲ್ಟುಗಳನ್ನೆಲ್ಲ ಬೇರೆ ಬೇರೆ ಡಬ್ಬಿಗೆ ಹಾಕಿ ಹೆಸರು ಬರೆದು ಇಡುವವನು. ಅವನು ಚೇಂಬರ್ ಕೆಳಗೆ ಜಾಕ್ ಕೊಟ್ಟು, ಮಧ್ಯೆ ಅಂಗೈ ಅಗಲದ ಮರದ ತುಂಡು ಇಟ್ಟು, ಸಂಜೆ ಹೊತ್ತಿಗೆ ಗೇರ್‌ಬಾಕ್ಸ್ ಇಳಿಸಿದ. ಉಳಿದದ್ದು ನಾಳೆ ಅಂತ ಮಲಗಿದ. ಬೆಳಿಗ್ಗೆ ಫೋನು. "ಸಾರ್, ಇಂಜಿನ್ ವಾಲಿಬಿಟ್ಟಿದೆ, ಒಂದು ಸಲ ಬರ್ತೀರಾ?" ಹೋಗಿ ನೋಡಿದೆ. ಜಾಕಿನ ಪಿಸ್ಟನ್ ಸುತ್ತ ಎಣ್ಣೆ ಒಸರಿ ಉಂಗುರ ಕಟ್ಟಿತ್ತು. ರಾತ್ರಿಯೆಲ್ಲಾ ಸ್ವಲ್ಪಸ್ವಲ್ಪವೇ ಇಳಿದಿದೆ, ಒಂದು ಗೇಣಿನಷ್ಟು. ಪೂರ್ತಿ ಇಂಜಿನ್ ಒಂದೇ ಮೌಂಟಿಂಗ್ ಮೇಲೆ ಜೋತುಬಿದ್ದು ಅದರ ರಬ್ಬರ್ ಸೀಳಿತ್ತು. ರೇಡಿಯೇಟರ್ ಹೋಸ್ ಬಿಲ್ಲಿನ ಹೆದೆಯಂತೆ ಬಿಗಿದಿತ್ತು. ಸೈಲೆನ್ಸರ್ ಪೈಪಿನ ಹೆಣೆದ ಭಾಗ ಇದೆಯಲ್ಲ, ಅದು ಹರಿದಿತ್ತು.

ಅದಕ್ಕಿಂತ ನನಗೆ ಸಂಕಟ ಆದದ್ದು ಚೇಂಬರ್ ನೋಡಿ. ಮರದ ತುಂಡು ಒತ್ತಿದ ಜಾಗದಲ್ಲಿ ತಗಡು ಒಳಗೆ ತಗ್ಗಾಗಿತ್ತು, ಹೆಬ್ಬೆರಳು ಇಟ್ಟರೆ ಸರಿಯಾಗಿ ಕೂರುವಷ್ಟು. ಅಷ್ಟೇ ತಾನೇ ಅನ್ನಬೇಡಿ. ಒಳಗೆ ಆಯಿಲ್ ಹೀರುವ ಜರಡಿ ಚೇಂಬರಿನ ತಳಕ್ಕೆ ತೀರಾ ಹತ್ತಿರ ಇರುತ್ತೆ. ತಳ ಮೇಲೆ ಬಂದರೆ ಜರಡಿಯ ಬಾಯಿ ಮುಚ್ಚುತ್ತೆ, ಆಯಿಲ್ ಪ್ರೆಶರ್ ಬೀಳುತ್ತೆ, ಬೇರಿಂಗ್ ಹೋಗುತ್ತೆ. ಚೇಂಬರ್ ಅಲ್ಯುಮಿನಿಯಂ ಆಗಿದ್ದರೆ ತಗ್ಗಾಗೋದಿಲ್ಲ, ಬಿರುಕೇ ಬಿಡಬಹುದು. ಪುಣ್ಯಕ್ಕೆ ಆ ಹೊತ್ತಿನಲ್ಲಿ ಕಾರಿನ ಕೆಳಗೆ ಯಾರೂ ಮಲಗಿರಲಿಲ್ಲ. ನಾನು ಅವನನ್ನ ಒಂದೇ ಒಂದು ಪ್ರಶ್ನೆ ಕೇಳಿದೆ. ಚೇಂಬರ್ ಪ್ಯಾಕಿಂಗ್ ಹಾಕಬೇಕು ಅಂತಿದ್ದೀಯಲ್ಲ, ಇಂಜಿನ್ ಕೂತಿರೋದೇ ಚೇಂಬರ್ ಮೇಲೆ, ಅದನ್ನ ಬಿಚ್ಚೋದು ಹೇಗೆ? ಪಾಪ, ಸುಮ್ನೆ ನಿಂತುಬಿಟ್ಟ.

ಇದಕ್ಕೆ ಸಪೋರ್ಟ್ ಬಾರ್ ಅಂತ ಸಿಗುತ್ತೆ. ಬಾನೆಟ್ ಎತ್ತಿ ಅಡ್ಡಲಾಗಿ ಇಡುವ ಕಬ್ಬಿಣದ ತೊಲೆ, ಅದರಿಂದ ಒಂದು ಕೊಕ್ಕೆ ಇಳಿಬಿದ್ದಿರುತ್ತೆ, ಮೇಲಿನ ನಟ್ಟು ತಿರುಗಿಸಿದರೆ ಕೊಕ್ಕೆ ಏಳುತ್ತೆ. ಅದರ ಕಾಲುಗಳು ಮಡ್‌ಗಾರ್ಡ್ ಬೋಲ್ಟ್ ಕೂರುವ ಒಳಗಿನ ಗಟ್ಟಿ ಅಂಚಿನ ಮೇಲೆ ನಿಲ್ಲಬೇಕು, ಹೊರಗಿನ ತೆಳು ತಗಡಿನ ಮೇಲಲ್ಲ. ಕೊಕ್ಕೆಯನ್ನ ಇಂಜಿನ್ ಎತ್ತೋಕೆ ಅಂತಲೇ ಕೊಟ್ಟಿರುವ ಕಬ್ಬಿಣದ ಕಿವಿಗೆ ಸಿಕ್ಕಿಸಿ. ಕಿವಿ ಇಲ್ಲದಿದ್ದರೆ ತಲೆಯ ಮೇಲೆ 8.8 ಅಂತ ಗುರುತಿರುವ ಬೋಲ್ಟನ್ನ ಗಟ್ಟಿ ಜಾಗದಲ್ಲಿ ಪೂರ್ತಿ ಒಳಗೆ ಹಾಕಿ ಸರಪಳಿ ಕಟ್ಟಿ. ಹಗ್ಗ ಬೇಡ, ಹಿಗ್ಗುತ್ತೆ. ಈಗ ಬಾರಿನ ನಟ್ಟು ನಿಧಾನಕ್ಕೆ ತಿರುಗಿಸುತ್ತಾ ಬನ್ನಿ. ಮೌಂಟಿಂಗ್ ಬೋಲ್ಟ್ ಬೆರಳಲ್ಲೇ ಸಲೀಸಾಗಿ ಈಚೆ ಬಂತು ಅಂದರೆ ಭಾರ ಬಾರಿಗೆ ಬಂದಿದೆ, ಸಾಕು, ಇನ್ನೂ ಎತ್ತಬೇಡಿ. ಗೇರ್‌ಬಾಕ್ಸ್ ಈಚೆ ಬರೋಕೆ ಇಂಜಿನ್ ಎರಡು ಇಂಚು ಇಳಿಯಬೇಕಾ? ಅದೇ ನಟ್ಟು ಸಡಿಲಿಸಿ. ಜಾಕಿನಲ್ಲಿ ಇಷ್ಟು ಹದವಾಗಿ ಇಳಿಸೋಕೆ ಆಗೋದಿಲ್ಲ. ಇನ್ನೊಂದು, ಕಾರನ್ನ ಮತ್ತೆ ಸ್ವಲ್ಪ ಎತ್ತಬೇಕಾಗಿ ಬಂದರೆ ಬಾರಿಗೆ ಕಟ್ಟಿದ ಇಂಜಿನ್ ಬಾಡಿಯ ಜೊತೆಗೇ ಏಳುತ್ತೆ. ನೆಲದ ಮೇಲಿನ ಜಾಕ್ ಅಲ್ಲೇ ಉಳಿಯುತ್ತೆ. ಅದಕ್ಕೇ ಹೇಳೋದು, ಮೇಲಿನಿಂದ.

ಹೊತ್ತಾಗುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಇಂಜಿನ್ನಿನ ಮೇಲ್ಭಾಗ ಹೆಡ್ ಬಿಚ್ಚಿ ಪ್ಯಾಕಿಂಗ್ ಹಾಕುವ ಕೆಲಸ ಆದರೆ ಆ ಕಿವಿಗಳು ಹೆಚ್ಚಾಗಿ ಹೆಡ್‌ಗೇ ಇರುತ್ತವೆ, ಹೆಡ್ ಜೊತೆಗೇ ಹೋಗುತ್ತವೆ. ಹಾಗಾಗಿ ಸರಪಳಿಯನ್ನ ಹೆಡ್ ಕೆಳಗಿನ ಬ್ಲಾಕಿಗೆ ಕಟ್ಟಿ. ಬಾರ್ ಹಿಡಿಯೋದು ಇಂಜಿನ್ನನ್ನ, ಕಾರನ್ನಲ್ಲ. ಕಾರು ಬಾಡಿಯ ಭಾರ ಹೊರುವ ಕಬ್ಬಿಣದ ಸ್ಟ್ಯಾಂಡ್‌ಗಳ ಮೇಲೇ ಇರಬೇಕು. ಬ್ಯಾಟರಿ ಮೈನಸ್ ಮೊದಲೇ ತೆಗೆದಿಡಿ. ಗೇರ್‌ಬಾಕ್ಸ್ ಸೇರಿಸುವಾಗ ಅದರ ಭಾರ ಕ್ಲಚ್ ಪ್ಲೇಟಿನೊಳಗೆ ಹೋಗುವ ಅದರ ಶಾಫ್ಟ್ ಮೇಲೆ ಜೋತಾಡಬಾರದು, ಹೊಸ ಕ್ಲಚ್ ಪ್ಲೇಟಿನ ಮಧ್ಯದ ಭಾಗ ಸೊಟ್ಟ ಆಗುತ್ತೆ. ಇಷ್ಟು ಬಿಚ್ಚಿದ ಮೇಲೆ ಕ್ರ್ಯಾಂಕ್, ಅಂದರೆ ಇಂಜಿನ್ನಿನ ತಿರುಗುವ ಮುಖ್ಯ ದಂಡದ ಗೇರ್‌ಬಾಕ್ಸ್ ಕಡೆಯ ತುದಿಯ ಆಯಿಲ್ ಸೀಲನ್ನೂ ನೋಡಿ, ಒದ್ದೆ ಇದ್ದರೆ ಬದಲಿಸಿಬಿಡಿ.

ಕೊನೆಯಲ್ಲಿ ಎಲ್ಲಾ ಮೌಂಟಿಂಗ್ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ಹಚ್ಚಿ. ಆಮೇಲೆ ಬಾರಿನ ನಟ್ಟು ಸಡಿಲಿಸಿ ಇಂಜಿನ್ ತನ್ನ ರಬ್ಬರಿನ ಮೇಲೆ ಕೂರೋಕೆ ಬಿಡಿ. ಕೂತ ಮೇಲೆ ಬೋಲ್ಟ್ ಬಿಗಿ ಮಾಡಿ. ಬಾರ್ ತೆಗೆಯೋದು ಅದಾದ ಮೇಲೆ. ನಮಸ್ಕಾರ.