ಬಾಗಿಲಿಗೆ ಕಟ್ಟಿದ ಬಾಳೆಕಂದು: ಕಾಲೇಜಿನ ಹಬ್ಬದ ಅಲಂಕಾರ ಮತ್ತು ಬೆಂಕಿಯ ಎಚ್ಚರ

[ದೃಶ್ಯ: ಪ್ರಯೋಗಾಲಯದ ಎರಡು ಕದದ ಬಾಗಿಲು. ಇಕ್ಕೆಲಗಳಲ್ಲಿ ಬಾಳೆಕಂದು, ಮೇಲೆ ಮಾವಿನ ತೋರಣ.]

ನಮಸ್ಕಾರ. ಆಯುಧ ಪೂಜೆಯ ಹಿಂದಿನ ಸಂಜೆ ನಮ್ಮ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಾಣುವ ನೋಟವಿದು. ಲೇತ್ ಯಂತ್ರಗಳನ್ನು ಒರೆಸಿ ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಿ, ವಿದ್ಯಾರ್ಥಿಗಳು ರಾತ್ರಿಯವರೆಗೂ ಪ್ರೀತಿಯಿಂದ ಸಿಂಗರಿಸುತ್ತಾರೆ. ಈಗ ಬಾಗಿಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಂದು ಕದಕ್ಕೆ ಮೇಲೂ ಕೆಳಗೂ ಚಿಲಕ ಹಾಕಿ, ಬಾಳೆಕಂದನ್ನು ಅದರ ಹಿಡಿಗೇ ಬಿಗಿದು ಕಟ್ಟಲಾಗಿದೆ. ಅರವತ್ತು ಮಂದಿ ಸೇರುವ ಕೋಣೆಗೆ ಈಗ ಉಳಿದಿರುವುದು ಒಬ್ಬರು ಮಾತ್ರ ದಾಟಬಹುದಾದ ಅರ್ಧ ಬಾಗಿಲು.

ಹಸಿ ಬಾಳೆಕಂದಿನಲ್ಲಿ ನೀರೇ ತುಂಬಿರುವುದರಿಂದ ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಅದನ್ನು ಕಟ್ಟಿರುವ ಜಾಗದಿಂದಾಗಿ ಒಳಗಿದ್ದವರು ಹೊರಬರುವ ದಾರಿ ಇಲ್ಲವಾಗುತ್ತದೆ. ಹಬ್ಬದ ಅಲಂಕಾರದಲ್ಲಿ ನಾವು ಮೊದಲು ವಿಚಾರಿಸಬೇಕಾದದ್ದು ಈ ದಾರಿಯನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

[ದೃಶ್ಯ: ಖಾಲಿ ಶಾಮಿಯಾನ, ಒಂದೇ ಪ್ರವೇಶದ್ವಾರ.]

1995ರ ಡಿಸೆಂಬರ್ 23ರಂದು ಹರಿಯಾಣದ ಮಂಡಿ ಡಬವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವ ನಡೆಯುತ್ತಿದ್ದಾಗ, ಸಿಂಥೆಟಿಕ್ ಬಟ್ಟೆಯ ಶಾಮಿಯಾನಕ್ಕೆ ಬೆಂಕಿ ಹತ್ತಿತು. ಬಟ್ಟೆ ಕರಗಿ ಉರಿಯುತ್ತಾ ಜನರ ಮೇಲೆ ಬಿದ್ದಿತು, ಹೊರಹೋಗುವ ಬಾಗಿಲಿನಲ್ಲಿ ನೂಕುನುಗ್ಗಲಾಯಿತು. 400ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು. ನಮ್ಮ ಬೆಂಗಳೂರಿನಲ್ಲೇ 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದಾಗ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಮೇಲಿನ ಮಹಡಿಗಳಲ್ಲಿದ್ದವರನ್ನು ಕಾಡಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ಅದನ್ನು ತಾಳಲಾರದೆ ಕೆಲವರು ಕಿಟಕಿಗಳಿಂದ ಕೆಳಗೆ ಧುಮುಕಿದರು.

[ದೃಶ್ಯ: ಕಂದು ಬಣ್ಣಕ್ಕೆ ತಿರುಗಿದ ಪ್ಲಗ್, ಸಮೀಪದಿಂದ.]

ಇನ್ನು ದೀಪಾಲಂಕಾರದ ವಿಷಯ. ಈ ಪ್ಲಗ್‌ನ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ, ಸ್ವಲ್ಪ ಉಬ್ಬಿದೆ. ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ ಈಗಲೂ ಬರುತ್ತದೆ. ಪಿನ್ನು ಸಾಕೆಟ್‌ನಲ್ಲಿ ಸಡಿಲವಾಗಿ ಕೂತಿದ್ದರೆ ಆ ಒಂದೇ ಬಿಂದುವಿನಲ್ಲಿ ಶಾಖ ಹುಟ್ಟುತ್ತದೆ. ಸೀರಿಯಲ್ ಸೆಟ್‌ನ ತಂತಿಯನ್ನು ಹಲ್ಲಿನಿಂದ ಸುಲಿದು, ತಿರುಚಿ, ಟೇಪು ಸುತ್ತಿದ ಜೋಡಣೆಯಲ್ಲಿಯೂ ಆಗುವುದು ಇದೇ. “ಎಂಸಿಬಿ ಇದೆಯಲ್ಲ, ಬಿದ್ದುಹೋಗುತ್ತದೆ” ಎಂದು ಹಲವರು ಧೈರ್ಯ ತಂದುಕೊಳ್ಳುತ್ತಾರೆ. ಎಂಸಿಬಿ ಎಂಬ ಈ ಸುರಕ್ಷತಾ ಸ್ವಿಚ್ ತಾನಾಗಿ ಬೀಳುವುದು ಮಿತಿಗಿಂತ ಹೆಚ್ಚು ಕರೆಂಟು ಹರಿದಾಗ. ಸಡಿಲ ಜೋಡಣೆಯಲ್ಲಿ ಕರೆಂಟು ಹೆಚ್ಚುವುದೇ ಇಲ್ಲ, ಶಾಖ ಮಾತ್ರ ಹೆಚ್ಚುತ್ತದೆ. ಆದ್ದರಿಂದ ಎಂಸಿಬಿ ನೆಟ್ಟಗೆ ನಿಂತಿರುವಾಗಲೇ ಪಕ್ಕದ ಕ್ರೇಪ್ ಕಾಗದ ಹೊತ್ತಿಕೊಳ್ಳಬಹುದು.

ಲೆಕ್ಕವನ್ನೂ ನೋಡೋಣ. 6 ಆಂಪಿಯರ್‌ನ ಎಕ್ಸ್‌ಟೆನ್ಷನ್ ಬೋರ್ಡ್ 230 ವೋಲ್ಟ್‌ನಲ್ಲಿ ಹೊರಬಲ್ಲದ್ದು 1380 ವ್ಯಾಟ್. 500 ವ್ಯಾಟ್‌ನ ಮೂರು ಹ್ಯಾಲೊಜನ್ ದೀಪಗಳನ್ನು ಚುಚ್ಚಿದರೆ ಅಲ್ಲಿಗೆ ಮಿತಿ ದಾಟಿತು. ಎಲ್ಇಡಿ ಸರಗಳು ತೀರಾ ಕಡಿಮೆ ವಿದ್ಯುತ್ ಎಳೆಯುವುದರಿಂದ ಅವನ್ನೇ ಬಳಸಿ; ಆದರೂ ಒಂದು ಬೋರ್ಡಿಗೆ ಇನ್ನೊಂದು ಬೋರ್ಡನ್ನು ಪೋಣಿಸುತ್ತಾ ಹೋಗಬೇಡಿ, ತಂತಿಯನ್ನು ಜಮಖಾನದ ಅಡಿಯಲ್ಲಿ ಹಾಯಿಸಬೇಡಿ.

ಥರ್ಮಾಕೋಲ್ ಮಂಟಪವನ್ನು ನಾನಂತೂ ಕಟ್ಟಡದೊಳಗೆ ಬೇಡವೆಂದೇ ಹೇಳುತ್ತೇನೆ. ಅದು ಕರಗಿ ಉರಿಯುವ ಹನಿಗಳಾಗಿ ತೊಟ್ಟಿಕ್ಕುತ್ತದೆ, ದಟ್ಟವಾದ ಕಪ್ಪು ಹೊಗೆ ಕಾರುತ್ತದೆ. ಬಿದಿರು, ಹೂವು, ಹಸಿರೆಲೆಗಳಿಂದಲೇ ಸೊಗಸಾದ ಮಂಟಪ ಆಗುತ್ತದೆ.

[ದೃಶ್ಯ: ರಸಾಯನಶಾಸ್ತ್ರ ಪ್ರಯೋಗಾಲಯದ ಕಪಾಟು, ಅಸಿಟೋನ್ ಬಾಟಲಿ.]

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ರಸಾಯನಶಾಸ್ತ್ರ ಪ್ರಯೋಗಾಲಯದ ಪೂಜೆಯಲ್ಲಿ. ಅಸಿಟೋನ್ ಸುಮಾರು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೇ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡಬಲ್ಲದು. ಅಂದರೆ ನಮ್ಮ ಊರಿನ ಯಾವ ಕಾಲದಲ್ಲಿಯೂ ಅದು ಅಪಾಯದ ಮಟ್ಟದಲ್ಲೇ ಇರುತ್ತದೆ. ಈ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಕಣ್ಣಿಗೆ ಕಾಣದಂತೆ ಹರಿದು, ದೂರದಲ್ಲಿರುವ ಹಣತೆಯನ್ನು ತಲುಪಿ ಹೊತ್ತಿಕೊಂಡು, ಅದೇ ದಾರಿಯಲ್ಲಿ ಬಾಟಲಿಯವರೆಗೆ ಹಿಂದಿರುಗಬಲ್ಲದು. ಆದ್ದರಿಂದ ಒಳಗೆ ಹೂವು, ಗಂಧ, ಕುಂಕುಮ ಸಾಕು. ದೀಪ, ಕರ್ಪೂರದಾರತಿ, ಧೂಪ ಇವೆಲ್ಲ ಕಟ್ಟಡದ ಹೊರಗಿನ ಅಂಗಳದಲ್ಲಿ ನಡೆಯಲಿ. ಧೂಪಕ್ಕೆ ಅಲಾರಾಂ ಕೂಗುತ್ತದೆಂದು ಹೊಗೆ ಪತ್ತೆ ಮಾಡುವ ಉಪಕರಣಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುವ ರೂಢಿ ಕೆಲವೆಡೆ ಇದೆ. ಹಬ್ಬ ಮುಗಿದ ಮೇಲೆ ಆ ಚೀಲವನ್ನು ಬಿಚ್ಚುವವರು ಯಾರೂ ಇರುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

[ದೃಶ್ಯ: ಬೆಂಕಿ ನಂದಿಸುವ ಸಿಲಿಂಡರ್, ಹಸಿರು ಪಟ್ಟಿಯಲ್ಲಿರುವ ಮುಳ್ಳು.]

ಅಷ್ಟಾಗಿಯೂ ಬೆಂಕಿ ಕಾಣಿಸಿದರೆ ಮೊದಲು ಕೂಗಿ ಎಲ್ಲರನ್ನೂ ಹೊರಗೆ ಕಳುಹಿಸಿ, 101 ಅಥವಾ 112ಕ್ಕೆ ಕರೆ ಮಾಡಿ. ಲಿಫ್ಟ್ ಹತ್ತದೆ ಮೆಟ್ಟಿಲಲ್ಲೇ ಇಳಿಯಬೇಕು. ಹೊಗೆ ಕವಿದಿದ್ದರೆ ಬಗ್ಗಿಕೊಂಡು ಸಾಗಬೇಕು. ವಿದ್ಯುತ್ ಬೆಂಕಿಗೆ ನೀರು ಎರಚಬಾರದು. ಬೆಂಕಿ ಒಂದು ಕಸದ ಬುಟ್ಟಿಯಷ್ಟು ಚಿಕ್ಕದಾಗಿದ್ದು, ಬಾಗಿಲು ನಿಮ್ಮ ಬೆನ್ನ ಹಿಂದೆಯೇ ಇದ್ದರೆ ಮಾತ್ರ, ಕರೆಂಟು ತೆಗೆದು ಸಿಲಿಂಡರ್ ಕೈಗೆತ್ತಿಕೊಳ್ಳಿ. ಪಿನ್ ಎಳೆದು, ಕೊಳವೆಯನ್ನು ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹಿಡಿದು, ಹಿಡಿಯನ್ನು ಒತ್ತಿ ಅತ್ತಿತ್ತ ಬೀಸಬೇಕು. ಚಿಕ್ಕ ಸಿಲಿಂಡರ್ ಕೆಲವೇ ಸೆಕೆಂಡುಗಳಲ್ಲಿ ಬರಿದಾಗುತ್ತದೆ. ಅಷ್ಟರಲ್ಲಿ ಆರದಿದ್ದರೆ ನೀವೂ ಹೊರಗೆ ಬಂದುಬಿಡಿ.

[ದೃಶ್ಯ: ಅದೇ ಬಾಗಿಲು. ಎರಡೂ ಕದ ತೆರೆದಿವೆ. ಬಾಳೆಕಂದುಗಳು ದೂರದ ಕಂಬಗಳಲ್ಲಿ.]

ಪೂಜೆಯ ದಿನ ಹಸಿರಾಗಿದ್ದ ಮಾವಿನೆಲೆ ದೀಪಾವಳಿಯ ಹೊತ್ತಿಗೆ ತರಗಾಗಿ, ಒಂದು ಕಿಡಿಗೆ ಸಾಕಾಗುವಂತಿರುತ್ತದೆ. ವಿಜಯದಶಮಿ ಮುಗಿದು ಕಾಲೇಜು ತೆರೆದ ಮೊದಲ ದಿನವೇ ತೋರಣ ಇಳಿಸಲು ಇಬ್ಬರನ್ನು ಈಗಲೇ ಹೆಸರಿಸಿಡಿ. ಪೂಜೆಯ ರಾತ್ರಿ ಬೀಗ ಹಾಕುವ ಅಟೆಂಡರ್ ಅವರೊಡನೆ ಒಬ್ಬ ಅಧ್ಯಾಪಕರೂ ಉಳಿದು, ಸರದೀಪಗಳ ಪ್ಲಗ್ ಕಿತ್ತು, ಅಂಗಳದ ಕರ್ಪೂರದ ತಟ್ಟೆ ತಣ್ಣಗಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ ಹೊರಡಲಿ.